ಹುಳಿಯುವ ಪಾತ್ರೆಗೆ ಮುತ್ತುವ ಹಣ್ಣುನೊಣ: ಅರಿವು ಮತ್ತು ನಿರ್ವಹಣೆ

ಮಧುರೆ ಹೋಬಳಿಯ ಸಂಜೀವಿನಿ ಸ್ವಸಹಾಯ ಸಂಘಗಳ ಸದಸ್ಯರಿಗೂ ಮನೆಯಲ್ಲಿಯೇ ಉಪ್ಪಿನಕಾಯಿ, ವಿನೆಗರ್ ಮೊದಲಾದವುಗಳನ್ನು ತಯಾರಿಸುವ ಗೃಹಿಣಿಯರಿಗೂ ಉಪಯುಕ್ತವಾಗಲೆಂದು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ನಮ್ಮ ಹಳ್ಳಿಗಳ ಅಡುಗೆಮನೆಯಲ್ಲಿ ಏನಾದರೊಂದು ಹುಳಿಯುತ್ತಲೇ ಇರುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು, ಹೆಪ್ಪು ಹಾಕಿದ ಹಾಲು, ರಾಗಿ ಅಂಬಲಿ, ಉಪ್ಪಿನಲ್ಲಿ ಕಳಿಯಲು ಬಿಟ್ಟ ಹೇರಳೆಕಾಯಿ, ಮಾವಿನ ಮಿಡಿ ಇವೆಲ್ಲವೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸದಿಂದಲೇ ಆಹಾರವಾಗುತ್ತವೆ. ಮಾವು, ಹಲಸು ಮುಗಿಯುತ್ತ ಬಂದು ಮುಂಗಾರು ಹಿಡಿದ ದಿನಗಳಲ್ಲಿ ಈ ಪಾತ್ರೆಗಳ ಸುತ್ತ ಕೆಂಗಣ್ಣಿನ, ಕಂದುಹಳದಿ ಮೈಯ ಸಣ್ಣ ನೊಣಗಳು ಸುಳಿದಾಡತೊಡಗುತ್ತವೆ. ಜನರು ಇವನ್ನು ಗುಂಗುರು ಎಂದೋ ನುಸಿ ಎಂದೋ ಕರೆಯುತ್ತಾರೆ. ಇವನ್ನು ಕಂಡೊಡನೆ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಕೆಲವರು ಕೆಡದೇ ಇರುವ ಪದಾರ್ಥವನ್ನೂ ತಿಪ್ಪೆಗೆ ಸುರಿಯುತ್ತಾರೆ. ಮತ್ತೆ ಕೆಲವರು ಹೊಲಕ್ಕೆಂದು ತಂದ ಔಷಧವನ್ನು ಅಡುಗೆಮನೆಯ ಮೂಲೆಗೆ ಸಿಂಪಡಿಸುತ್ತಾರೆ. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಪ್ರಾಣವೇ ಹೋಗಬಹುದು. ನೊಣದ ಸ್ವಭಾವವನ್ನು ತಿಳಿದರೆ ಇವೆರಡರ ಅಗತ್ಯವೂ ಬೀಳದು.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. ಮಾವಿನ ತೋಟವಿರುವ ರೈತರಿಗೆ ಹಣ್ಣುನೊಣವೆಂದರೆ ಕಾಯಿಯ ಸಿಪ್ಪೆಯ ಕೆಳಗೆ ಮೊಟ್ಟೆಯಿಟ್ಟು ತಿರುಳಿನಲ್ಲಿ ಹುಳು ಬೀಳಿಸುವ ಕೀಟ. ಅದು ಬ್ಯಾಕ್ಟ್ರೋಸೆರಾ ಜಾತಿಗೆ ಸೇರಿದ್ದು. ಗಾತ್ರದಲ್ಲಿ ಹೆಚ್ಚುಕಡಿಮೆ ಮನೆನೊಣದಷ್ಟಿರುತ್ತದೆ. ಅಡುಗೆಮನೆಯಲ್ಲಿ ಕಾಣುವುದು ಎರಡೂವರೆಯಿಂದ ಮೂರು ಮಿಲಿಮೀಟರ್ ಉದ್ದದ ಡ್ರೊಸೊಫಿಲ. ತೋಟದ ನೊಣವನ್ನು ಹಿಡಿಯಲು ತೂಗುಹಾಕುವ ಮಿಥೈಲ್ ಯೂಜಿನಾಲ್ ಬಲೆಯು ಆ ಜಾತಿಯ ಗಂಡುಗಳನ್ನು ಮಾತ್ರ ಸೆಳೆಯುತ್ತದೆ. ಅದನ್ನು ತಂದು ಅಡುಗೆಮನೆಯ ಕಿಟಕಿಗೆ ಕಟ್ಟಿದರೆ ಡ್ರೊಸೊಫಿಲ ಅದರತ್ತ ತಿರುಗಿಯೂ ನೋಡುವುದಿಲ್ಲ. ಬಚ್ಚಲ ಮೋರಿಯ ಗೋಡೆಯಲ್ಲಿ ಕೂರುವ, ರೆಕ್ಕೆಯ ತುಂಬ ರೋಮವಿರುವ ಬೂದುಬಣ್ಣದ ನೊಣವು ಮೂರನೆಯದೇ ಒಂದು ಬಗೆ. ಮೋರಿಯ ಲೋಳೆಯನ್ನು ಉಜ್ಜಿ ತೆಗೆದು ಕುದಿನೀರು ಹೊಯ್ಯುವುದೇ ಅದಕ್ಕೆ ಮದ್ದು.

ಡ್ರೊಸೊಫಿಲ ಬರುವುದು ಕೊಳಕನ್ನು ಹುಡುಕಿಕೊಂಡಲ್ಲ. ಹಣ್ಣು ಮಾಗಿ ಹುಳಿಯುವಾಗ ಹೊಮ್ಮುವ ಮದ್ಯಸಾರದ ಮತ್ತು ವಿನೆಗರಿನ ಆಮ್ಲದ ವಾಸನೆಯೇ ಅದಕ್ಕೆ ದಾರಿ ತೋರಿಸುತ್ತದೆ. ಅದರ ಮರಿಹುಳುಗಳಿಗೆ ಮುಖ್ಯ ಆಹಾರ ಹುದುಗು ಬರಿಸುವ ಯೀಸ್ಟ್. ಆದ್ದರಿಂದ ಅತ್ಯಂತ ಶುಚಿಯಾದ ಮನೆಗೂ ಅದು ಬರುತ್ತದೆ. ಹಿಟ್ಟು ಚೆನ್ನಾಗಿ ಹುದುಗಿದಷ್ಟೂ ಹೆಚ್ಚು ಬರುತ್ತದೆ. ನೊಣ ಕಂಡಿತೆಂದು ಮನೆಯ ಸೊಸೆಯನ್ನು ದೂರುವುದು ನ್ಯಾಯವಲ್ಲ. ಆದರೆ ಅದೇ ನೊಣವು ಕೊಳೆತ ಹಣ್ಣಿನ ಮೇಲೆ, ತ್ಯಾಜ್ಯದ ಮೇಲೆ ಕುಳಿತು ಬಂದಿರುತ್ತದೆ. ತನ್ನ ಕಾಲಿನಲ್ಲಿ, ಮೈಯಲ್ಲಿ ಅಲ್ಲಿನ ಸೂಕ್ಷ್ಮಜೀವಿಗಳನ್ನು ಹೊತ್ತು ತರುತ್ತದೆ. ತಡೆಯಬೇಕಾದುದು ಈ ಕಾರಣಕ್ಕೆ.

ಈ ಕೀಟದ ಜೀವನಕ್ರಮವು ವಿಜ್ಞಾನಿಗಳಿಗೆ ಅಂಗೈ ರೇಖೆಯಷ್ಟು ಪರಿಚಿತ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಡ್ರೊಸೊಫಿಲ ತಳಿಗಳನ್ನು ಸಾಕಿ ಸಂಶೋಧನೆ ನಡೆಸಲಾಗಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿಯೂ ಇದರ ಅಧ್ಯಯನ ನಡೆಯುತ್ತಿದೆ. ನಾವು ಅಟ್ಟುವ ನೊಣವನ್ನು ಅವರು ಸೀಸೆಯಲ್ಲಿಟ್ಟು ಸಾಕುತ್ತಾರೆ! ಪ್ರಯೋಗಾಲಯಗಳಲ್ಲಿ ಅದನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳೆಸುತ್ತಾರೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಗಳ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎಂಬುದನ್ನು ಗಮನಿಸಿದರೆ ಆಷಾಢದಲ್ಲಿ ಇದರ ಹಾವಳಿ ಏಕೆ ಹೆಚ್ಚೆಂಬುದು ತಿಳಿಯುತ್ತದೆ. ಆ ಉಷ್ಣತೆಯಲ್ಲಿ ಮೊಟ್ಟೆ ಒಡೆಯಲು ಸುಮಾರು ಒಂದು ದಿನ ಬೇಕು. ಹುಳುವಿನ ಹಂತ ನಾಲ್ಕೈದು ದಿನ, ಕೋಶದ ಹಂತ ಇನ್ನು ನಾಲ್ಕು ದಿನ. ಹತ್ತನೆಯ ದಿನಕ್ಕೆ ಹೊಸ ನೊಣ ಹಾರುತ್ತದೆ. ಒಂದು ಹೆಣ್ಣು ತನ್ನ ಜೀವಿತಕಾಲದಲ್ಲಿ 400ರಷ್ಟು ಮೊಟ್ಟೆಗಳನ್ನಿಡಬಲ್ಲದು.

ಈ ಲೆಕ್ಕದಿಂದ ಹಲವು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಸಂಜೆ ರುಬ್ಬಿ ಬೆಳಗ್ಗೆ ಇಡ್ಲಿಗೆ ಹುಯ್ಯುವ ಹಿಟ್ಟು ಹುದುಗುವುದು ಎಂಟರಿಂದ ಹನ್ನೆರಡು ಗಂಟೆ. ಅಷ್ಟರೊಳಗೆ ಮೊಟ್ಟೆ ಬಿದ್ದಿದ್ದರೂ ಒಡೆಯುವುದಿಲ್ಲ. ಹಬೆಯಲ್ಲಿ ಬೆಂದ ಮೇಲೆ ಭಯವೂ ಇಲ್ಲ. ಹಿಟ್ಟಿನ ಮೇಲೆ ಒಂದು ನೊಣ ಕಂಡಿತೆಂದು ಎರಡು ಸೇರು ಹಿಟ್ಟನ್ನು ಚೆಲ್ಲುವುದು ಬೇಡ. ಅದು ಬಿದ್ದ ಭಾಗವನ್ನು ಧಾರಾಳವಾಗಿ ತೋಡಿ ತೆಗೆದರೆ ಸಾಕು. ಅದೇ ಹಿಟ್ಟನ್ನು ಹೊರಗಡೆಯೇ ಮೂರನೆಯ ದಿನದವರೆಗೆ ಇಟ್ಟುಕೊಂಡರೆ ಮಾತು ಬೇರೆ. ಮೊಸರನ್ನೂ, ಕಾಯಿಸಿ ಆರಿಸಿ ಹುಳಿಯಲು ಬಿಟ್ಟ ಅಂಬಲಿಯನ್ನೂ ಮತ್ತೆ ಬೇಯಿಸದೆ ಸೇವಿಸುವುದರಿಂದ ಇವುಗಳಿಗೆ ಹಿಟ್ಟಿಗಿಂತ ಹೆಚ್ಚಿನ ಎಚ್ಚರ ಬೇಕು.

ಇನ್ನು ಹೊದಿಕೆಯ ವಿಚಾರ. ಜರಡಿಯಂತಹ ಬಟ್ಟೆಯಾಗಲಿ, ಸೊಳ್ಳೆಪರದೆಯ ತುಂಡಾಗಲಿ ನಂಬಿಕೆಗೆ ಅರ್ಹವಲ್ಲ. ದೊಡ್ಡ ನೊಣ ನುಸುಳದಿದ್ದರೂ ಬಟ್ಟೆಯ ಮೇಲಿಟ್ಟ ಮೊಟ್ಟೆಯಿಂದ ಹೊರಬಂದ ಹುಳು ಕೆಳಗಿಳಿಯುತ್ತದೆ. ಮೊಟ್ಟೆಯ ಗಾತ್ರವೇ ಅರ್ಧ ಮಿಲಿಮೀಟರ್. ಒಗೆದು ಒಣಗಿಸಿದ, ಒತ್ತಾಗಿ ನೇಯ್ದ ಹತ್ತಿ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಪಾತ್ರೆಯ ಬಾಯಿಗೆ ತಮಟೆಯ ಚರ್ಮದಂತೆ ಬಿಗಿಯಾಗಿ ಎಳೆದು ದಾರದಿಂದ ಕಟ್ಟಬೇಕು. ಸುಮ್ಮನೆ ಹೊದಿಸಿ ಬಿಟ್ಟರೆ ಅಂಚಿನ ಸುಕ್ಕಿನಲ್ಲಿಯೇ ಅವು ದಾರಿ ಮಾಡಿಕೊಳ್ಳುತ್ತವೆ. ಬಟ್ಟೆಯು ಒಳಗಿನ ಪದಾರ್ಥಕ್ಕೆ ತಗುಲಕೂಡದು, ಒದ್ದೆಯೂ ಆಗಕೂಡದು. ಕಟ್ಟುವ ಮೊದಲು ಪಾತ್ರೆಯ ಅಂಚನ್ನೂ ಹೊರಮೈಯನ್ನೂ ಒರೆಸಬೇಕು; ಅಂಚಿನಲ್ಲಿ ಒಣಗಿದ ಹಿಟ್ಟಿನ ಒಂದು ಗೆರೆಯೇ ನೊಣಗಳನ್ನು ಕರೆಯಲು ಸಾಕು.

ಈ ನೊಣ ಹೆಚ್ಚು ಚುರುಕಾಗಿರುವುದು ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ. ದೇಹದೊಳಗಿನ ದಿನಚರಿಯ ಗಡಿಯಾರವನ್ನು ಇದೇ ನೊಣದಲ್ಲಿ ಗುರುತಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನಮಗೆ ಬೇಕಾದ ಅಂಶ ಇಷ್ಟೇ: ದೀಪ ಹಚ್ಚುವ ಹೊತ್ತಿನಲ್ಲಿ ಜಾಡಿಯ ಬಾಯಿ ತೆರೆದು ಕೂರಬಾರದು. ಕದಡುವ, ಬಗ್ಗಿಸುವ ಕೆಲಸಗಳನ್ನು ನಡುಹಗಲಿಗೆ ಇಟ್ಟುಕೊಳ್ಳುವುದು ಲೇಸು.

ಉಪ್ಪಿನಕಾಯಿಗೆ ಉಪ್ಪೇ ಕಾವಲು. ಉಪ್ಪು ಧಾರಾಳವಾಗಿದ್ದು ಕಾಯಿಗಳೆಲ್ಲ ರಸದಲ್ಲಿ ಮುಳುಗಿದ್ದರೆ ನೊಣಕ್ಕೆ ಮೊಟ್ಟೆಯಿಡಲು ಎಡೆಯೇ ಇಲ್ಲ. ತೊಂದರೆ ಬರುವುದು ಮೇಲೆ ತೇಲುವ ಒಂದೆರಡು ಹೋಳುಗಳಿಂದ. ಕುದಿನೀರಿನಲ್ಲಿ ಅದ್ದಿ ಒಣಗಿಸಿದ ಪಿಂಗಾಣಿ ಬಟ್ಟಲನ್ನೋ ನಯವಾದ ಕಲ್ಲನ್ನೋ ಹೇರಿ ಅವನ್ನು ಮುಳುಗಿಸಬೇಕು. ಉಪ್ಪು ಕಡಿಮೆ ಬೇಕೆಂಬ ಆರೋಗ್ಯದ ಕಾಳಜಿಯಿಂದ ಈಚೆಗೆ ಹಲವರು ಉಪ್ಪನ್ನು ಇಳಿಸುತ್ತಿದ್ದಾರೆ. ಹಾಗೆ ಮಾಡುವವರು ಜಾಡಿಯನ್ನು ತಂಪುಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಆ ಚಳಿಯಲ್ಲಿ ನೊಣದ ಬೆಳವಣಿಗೆ ನಿಂತುಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ವಿನೆಗರ್. ನಮ್ಮ ಜಿಲ್ಲೆಯಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ನೇರಳೆಯಿಂದಲೂ ವಿನೆಗರ್ ತಯಾರಿಸಬಹುದು. ಹಣ್ಣಿನ ಸಕ್ಕರೆ ಮೊದಲು ಮದ್ಯಸಾರವಾಗುತ್ತದೆ. ಬಳಿಕ ಗಾಳಿಯ ಸಂಪರ್ಕದಲ್ಲಿ ಬೇರೊಂದು ಬಗೆಯ ಸೂಕ್ಷ್ಮಜೀವಿಯು ಅದನ್ನು ಆಮ್ಲವಾಗಿಸುತ್ತದೆ. ಎರಡನೆಯ ಹಂತಕ್ಕೆ ಗಾಳಿ ಬೇಕೇಬೇಕಾದುದರಿಂದ ಮುಚ್ಚಳ ಬಿಗಿಯುವಂತಿಲ್ಲ. ಅಂದರೆ ನೊಣಕ್ಕೆ ಅತಿ ಪ್ರಿಯವಾದ ವಾಸನೆಯನ್ನು ವಾರಗಟ್ಟಲೆ ಹೊರಗೆ ಬಿಡುತ್ತಲೇ ನೊಣವನ್ನು ಹೊರಗಿಡಬೇಕು. ಇಲ್ಲಿ ಅಪಾಯವಿರುವುದು ರಸದಲ್ಲಲ್ಲ, ಮೇಲೆ ತೇಲುವ ಸಿಪ್ಪೆಯಲ್ಲಿ. ಅದು ಮೆತ್ತಗಿನ, ಯೀಸ್ಟ್ ತುಂಬಿದ ಹಾಸಿಗೆ. ಮೊದಲ ಹಂತದಲ್ಲಿ ದಿನಕ್ಕೆ ಎರಡು ಬಾರಿ ಶುಚಿಯಾದ ಮರದ ಸೌಟಿನಿಂದ ಸಿಪ್ಪೆಯನ್ನು ರಸದೊಳಗೆ ಒತ್ತಿ, ಕೂಡಲೇ ಬಟ್ಟೆ ಕಟ್ಟಬೇಕು. ಹುದುಗಿನ ಬುರುಗು ಇಳಿದೊಡನೆ ಸೋಸಿ ಸಿಪ್ಪೆಯನ್ನು ತೆಗೆದುಬಿಡಬೇಕು. ಸೋಸಿದ ತಿಳಿರಸಕ್ಕೆ ನೊಣ ಬಿದ್ದರೆ ಮುಳುಗಿ ಸಾಯುತ್ತದೆಯೇ ಹೊರತು ಸಂಸಾರ ಹೂಡಲಾರದು. ಸಿಪ್ಪೆ ಇನ್ನೂ ಕೆಲವು ದಿನ ಇರಲಿ, ಬಣ್ಣ ಇಳಿಯಲಿ ಎಂಬ ಆಸೆಯಿಂದಲೇ ಎಷ್ಟೋ ಜಾಡಿಗಳು ಕೆಡುತ್ತವೆ.

ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ ಜಾಡಿಯ ಕುತ್ತಿಗೆಯ ಒಳಭಾಗವನ್ನು ಬೆಳಕಿನಲ್ಲಿ ನೋಡಬೇಕು. ಬೆಳೆದ ಹುಳುಗಳು ಒಣಜಾಗ ಹುಡುಕಿ ಮೇಲೇರಿ, ಎಳ್ಳಿನಷ್ಟು ದೊಡ್ಡ ಕಂದು ಕೋಶಗಳಾಗಿ ಅಲ್ಲಿ ಅಂಟಿಕೊಂಡಿರುತ್ತವೆ.

ಪಾತ್ರೆಯನ್ನು ಎಷ್ಟೇ ಭದ್ರಪಡಿಸಿದರೂ ಮನೆಯಲ್ಲಿ ಬೇರೊಂದು ತವರಿದ್ದರೆ ನೊಣಗಳು ಕಡಿಮೆಯಾಗವು. ಶ್ರಾವಣ ಶನಿವಾರಗಳಂದು ಚಿಕ್ಕಮಧುರೆಯ ಶನಿಮಹಾತ್ಮ ದೇವಾಲಯಕ್ಕೆ ಹೋಗಿಬಂದವರ ಮನೆಯಲ್ಲಿ ಪ್ರಸಾದದ ಬಾಳೆಹಣ್ಣು ಉಳಿದು ಕಪ್ಪಾಗುತ್ತಿರುತ್ತದೆ. ಈರುಳ್ಳಿ ಬುಟ್ಟಿಯ ತಳದಲ್ಲಿ ಕೊಳೆತ ಗೆಡ್ಡೆಯೊಂದು, ಹಿತ್ತಲಲ್ಲಿ ಹಲಸಿನ ರಚ್ಚೆ, ಒಲೆಯ ಬಳಿ ಒದ್ದೆ ಒರೆಸುಬಟ್ಟೆ ಇರುತ್ತವೆ. ನೈಸರ್ಗಿಕ ಕೃಷಿಕರ ಮನೆಗಳಲ್ಲಿ ಜೀವಾಮೃತದ ಡ್ರಮ್ಮನ್ನು ಮರೆಯಬಾರದು. 200 ಲೀಟರಿಗೆ ಎರಡು ಕಿಲೋ ಬೆಲ್ಲ ಬಿದ್ದು ಹುಳಿಯುವ ಆ ದ್ರಾವಣ ನೊಣಕ್ಕೆ ಹಬ್ಬದೂಟ. ಅದಕ್ಕೆ ಹೊದಿಸುವ ಗೋಣಿಚೀಲದ ಕಣ್ಣುಗಳು ದೊಡ್ಡವು. ಚೀಲದ ಕೆಳಗೆ ಒಂದು ಹಳೆಯ ಪಂಚೆಯನ್ನೂ ಕಟ್ಟಿ, ಡ್ರಮ್ಮನ್ನು ಅಡುಗೆಮನೆಯ ಗೋಡೆಯಿಂದ ದೂರ ಸರಿಸುವುದು ಉಚಿತ.

ಉಳಿದ ನೊಣಗಳನ್ನು ಹಿಡಿಯಲು ಒಂದು ಲೋಟದಲ್ಲಿ ಎರಡು ಬೆರಳಿನಷ್ಟು ವಿನೆಗರ್, ಚಿಟಿಕೆ ಬೆಲ್ಲ, ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿಡಬೇಕು. ಸೋಪಿಲ್ಲದಿದ್ದರೆ ನೊಣವು ದ್ರವದ ಮೇಲೆ ನಿಂತು ಹಾರಿಹೋಗುತ್ತದೆ; ಸೋಪಿದ್ದರೆ ಮುಳುಗುತ್ತದೆ. ಲೋಟವನ್ನು ಜಾಡಿಯ ಪಕ್ಕದಲ್ಲಿಡುವುದು ನೊಣಗಳನ್ನು ಜಾಡಿಯ ಬಳಿಗೆ ಆಹ್ವಾನಿಸಿದಂತೆ; ಕಸದ ಬುಟ್ಟಿಯ ಹತ್ತಿರವಿಡಿ. ಮೂರು ದಿನಕ್ಕೊಮ್ಮೆ ಬದಲಿಸಿ. ತಲೆಮಾರಿಗೆ ಹತ್ತು ದಿನವೆಂಬ ಲೆಕ್ಕದಲ್ಲಿ, ನೊಣ ಕಾಣದಾದ ಮೇಲೂ ಇಪ್ಪತ್ತು ದಿನ ಮುಂದುವರಿಸುವುದು ಅವಶ್ಯ. ಬೇವಿನ ಸೊಪ್ಪಿನ ಹೊಗೆಯಿಂದ ಕ್ಷಣಕಾಲ ಚದುರಿದ ನೊಣಗಳು ಹೊಗೆ ಆರಿದ ಮೇಲೆ ಮರಳುತ್ತವೆ. ಅದಕ್ಕಿಂತ ಬೀಸಣಿಗೆ ಯಂತ್ರದ ಗಾಳಿ ಮೇಲು. ಇಷ್ಟು ಹಗುರ ದೇಹದ ಕೀಟ ಗಾಳಿಗೆದುರಾಗಿ ಹಾರಲಾರದು.

ಕೀಟನಾಶಕವನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಮನೆಯೊಳಗೆ ತರಕೂಡದು. ನೊಣ, ತಿಗಣೆಗಳಿಗೆಂದು ಹಿಂದೆ ಬಹಳವಾಗಿ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಔಷಧವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಮನೆಯಲ್ಲಿ ಹಳೆಯ ಸೀಸೆ ಉಳಿದಿದ್ದರೆ ಬಳಸಬಾರದು, ಮೋರಿಗೂ ಸುರಿಯಬಾರದು. ಮಕ್ಕಳ ಕೈಗೆ ಸಿಗದಂತೆ ಪ್ರತ್ಯೇಕವಾಗಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಬಾಯಿ ತೆರೆದ ಜಾಡಿಯಿರುವ ಕೋಣೆಯಲ್ಲಿ ಯಾವುದೇ ವಿಷ ಸಿಂಪಡಿಸಿದ್ದರೆ ಆ ಜಾಡಿಯ ಪದಾರ್ಥವನ್ನು ಸೋಸಿದರೂ ಕುದಿಸಿದರೂ ತಿನ್ನುವಂತಿಲ್ಲ.

ಯಾವುದನ್ನು ಉಳಿಸಬಹುದು, ಯಾವುದನ್ನು ಚೆಲ್ಲಬೇಕು ಎಂಬ ಪ್ರಶ್ನೆ ಸಂಘಗಳಿಗೆ ಇನ್ನೂ ಮುಖ್ಯ. ಮನೆಬಳಕೆಯ ತಿಳಿ ವಿನೆಗರಿನಲ್ಲಿ ಒಂದೆರಡು ಸತ್ತ ನೊಣ ಸಿಕ್ಕಿದರೆ ಬಟ್ಟೆಯಲ್ಲಿ ಸೋಸಿ ಕಾಯಿಸಿ ಬಳಸಬಹುದು. ಹುಳುವಾಗಲಿ ಕೋಶವಾಗಲಿ ಕಂಡ ಉಪ್ಪಿನಕಾಯಿ, ಮೊಸರು, ಅಂಬಲಿ, ಸಿಪ್ಪೆಸಹಿತ ವಿನೆಗರ್ ಇವುಗಳನ್ನು ಮೇಲಿನದನ್ನಷ್ಟೇ ತೆಗೆದು ಇಟ್ಟುಕೊಳ್ಳಬಾರದು. ಮಾರಾಟದ ಸರಕಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಹುಳು, ಕೀಟ ಬಿದ್ದ ಪದಾರ್ಥವು ಅಸುರಕ್ಷಿತ ಆಹಾರವೆನಿಸುತ್ತದೆ. ಒಬ್ಬರ ಜಾಡಿ ಕೆಟ್ಟರೆ ಸಂಘದ ಹೆಸರಿನ ಚೀಟಿ ಅಂಟಿಸಿದ ಎಲ್ಲ ಸೀಸೆಗಳೂ ಅನುಮಾನಕ್ಕೆ ಗುರಿಯಾಗುತ್ತವೆ. ಆದ್ದರಿಂದ ಪ್ರತಿಯೊಂದು ಜಾಡಿಗೂ ಹಾಕಿದ ದಿನಾಂಕ, ಹಾಕಿದ ಸದಸ್ಯೆಯ ಹೆಸರು, ಸೋಸಿದ ದಿನಾಂಕಗಳನ್ನು ಬರೆದಿಡುವುದು ಸೂಕ್ತ.

ಚೆಲ್ಲುವ ಪದಾರ್ಥವನ್ನು ತಿಪ್ಪೆಯ ಮೇಲೆ ಸುರಿಯದೆ ಒಂದು ಅಡಿ ಆಳದ ಗುಂಡಿ ತೋಡಿ ಹೂಳಬೇಕು. ಖಾಲಿ ಜಾಡಿಯನ್ನು ಬಿಸಿನೀರಿನಿಂದ ತೊಳೆದು, ಕುತ್ತಿಗೆಯ ಒಳಭಾಗವನ್ನು ಉಜ್ಜಿ, ಎರಡು ದಿನ ಬಿಸಿಲಿನಲ್ಲಿ ಬೋರಲು ಹಾಕಿದ ನಂತರವಷ್ಟೇ ಮುಂದಿನ ಬಾರಿಗೆ ಉಪಯೋಗಿಸುವುದು. ಹಣ್ಣಿನ ಸಂಸ್ಕರಣೆ ಕುರಿತ ಹೆಚ್ಚಿನ ಮಾಹಿತಿ ಬೇಕಾದ ಸಂಘಗಳು ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಒಕ್ಕೂಟದ ಮೂಲಕ ಸಂಪರ್ಕಿಸಬಹುದಾಗಿದೆ.