ಕ್ಲೀನ್ ಟ್ಯೂಬ್ ಆಂಪಿಗೆ ಯಾವ ಓವರ್‌ಡ್ರೈವ್?

ಓವರ್‌ಡ್ರೈವ್ ಪೆಡಲ್ ಎಂದರೆ ಗಿಟಾರಿಗೂ ಆಂಪಿಗೂ ನಡುವೆ ನೆಲದ ಮೇಲೆ ಕೂರುವ, ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆ. ಟ್ಯೂಬ್ ಆಂಪಿನ ವಾಲ್ಯೂಮನ್ನು ಅದರ ತಾಳಿಕೆ ಮೀರಿ ಏರಿಸಿದಾಗ ಸಿಗ್ನಲಿನ ಅಲೆಗಳ ತುದಿ ಚಪ್ಪಟೆಯಾಗುತ್ತದೆ, ಸ್ವರಕ್ಕೆ ಒಂದು ಒರಟುತನ, ಒಂದು ಬಿಸುಪು ಬರುತ್ತದೆ; ಸ್ವರ ಒಡೆಯುವುದು ಎಂದರೆ ಇದೇ. ಅದೇ ಗುಣವನ್ನು ಅಕ್ಕಪಕ್ಕದ ಮನೆಯವರು ಬಾಗಿಲು ತಟ್ಟದಷ್ಟು ಸದ್ದಿನಲ್ಲಿ ಕೊಡುವುದು ಈ ಪೆಟ್ಟಿಗೆಯ ಕೆಲಸ. ಇದರ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷಗಳವರೆಗೆ ಇದೆ. ಒಳಗಿನ ಸರ್ಕ್ಯೂಟುಗಳಲ್ಲಿ ಮಾತ್ರ ಅಷ್ಟು ಅಂತರವಿಲ್ಲ. ಹಾಗಾಗಿ ಪೆಡಲಿನ ಆಯ್ಕೆ ಕಿವಿಗೆ ಸೇರಿದಷ್ಟೇ ಜೇಬಿಗೂ ಸೇರಿದ್ದು. ಲೆಕ್ಕ ಶುರುವಾಗಬೇಕಾದದ್ದು ಪೆಡಲಿನಿಂದಲ್ಲ, ಮನೆಯಲ್ಲಿರುವ ಆಂಪಿನಿಂದ.

ಕ್ಲೀನ್ ಆಂಪಿಗೆ, ಅಂದರೆ ಸ್ವರ ಒಡೆಯದೆ ನುಡಿಯುವ ಆಂಪಿಗೆ, ಮಾದರಿಯೆಂದರೆ ಫೆಂಡರ್ ಕಂಪನಿಯ 1960ರ ದಶಕದ ವಿನ್ಯಾಸಗಳು. ಎರಡು 6ವಿ6 ಟ್ಯೂಬುಗಳ ಡಿಲಕ್ಸ್ ರಿವರ್ಬ್ 22 ವಾಟ್, ನಾಲ್ಕು 6ಎಲ್6 ಟ್ಯೂಬುಗಳ ಟ್ವಿನ್ ರಿವರ್ಬ್ 85 ವಾಟ್. ಶಕ್ತಿ ಸುಮಾರು ನಾಲ್ಕು ಪಟ್ಟಾದರೂ ಸದ್ದಿನ ವ್ಯತ್ಯಾಸ 6 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಬೇಕಾದರೆ ಸುಮಾರು 10 ಪಟ್ಟು ಶಕ್ತಿ ಬೇಕು. ಅಂದರೆ ಚಿಕ್ಕದೆನಿಸುವ 22 ವಾಟ್ ಕೂಡ ಫ್ಲಾಟಿನ ಕೋಣೆಯೊಂದಕ್ಕೆ ಬಹಳ ದೊಡ್ಡದು. ಅದು ತಾನಾಗಿ ಒಡೆಯುವ ಮಟ್ಟಕ್ಕೆ ಮನೆಯಲ್ಲಿ ಯಾರೂ ವಾಲ್ಯೂಮ್ ಏರಿಸಲಾರರು.

ಈ ಒಂದು ಸಂಗತಿ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ಓವರ್‌ಡ್ರೈವ್ ಪೆಡಲನ್ನು ಬಳಸುವ ರೀತಿ ಎರಡು. ಪೆಡಲಿನ ಗೇನ್ (ಒಡೆಯುವ ಪ್ರಮಾಣ) ಇಳಿಸಿ, ಲೆವೆಲ್ (ಹೊರಬರುವ ಸದ್ದು) ಏರಿಸಿ, ಆಗಲೇ ಒಡೆಯಲು ಸಿದ್ಧವಾಗಿರುವ ಆಂಪಿನ ಟ್ಯೂಬುಗಳನ್ನು ಇನ್ನಷ್ಟು ತಳ್ಳುವುದು ಒಂದು ರೀತಿ. ಇಲ್ಲಿ ಕೇಳುವ ಬಿಸುಪಿನ ಬಹುಪಾಲು ಆಂಪಿನದೇ. ಆಂಪನ್ನು ಕ್ಲೀನಾಗಿಯೇ ಬಿಟ್ಟು, ಒರಟುತನವನ್ನೆಲ್ಲ ಪೆಡಲಿನಿಂದಲೇ ಪಡೆಯುವುದು ಇನ್ನೊಂದು. ಮನೆಯ ಸದ್ದಿನಲ್ಲಿ ಕ್ಲೀನ್ ಆಂಪ್ ಇರುವವರಿಗೆ ಎರಡನೆಯದೇ ದಾರಿ. ಮೊದಲನೆಯದನ್ನು ಮಾಡಿದರೆ ಟ್ವಿನ್ ರಿವರ್ಬ್ ಇನ್ನಷ್ಟು ಜೋರಾಗುತ್ತದೆಯೇ ಹೊರತು ಒಡೆಯುವುದಿಲ್ಲ. ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಪೆಡಲುಗಳ ಕೀರ್ತಿ ಬಹುಮಟ್ಟಿಗೆ ಮೊದಲ ರೀತಿಯ ಬಳಕೆಯಿಂದ ಬಂದದ್ದು. ಟೆಕ್ಸಸ್‌ನ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲನ್ನು ಬಳಸುತ್ತಿದ್ದದ್ದು ವೇದಿಕೆಯಲ್ಲಿ ಭಾರಿ ಸದ್ದಿಗೆ ಏರಿಸಿದ ಆಂಪುಗಳ ಮುಂದೆ. ಅಂಗಡಿಯಲ್ಲಾಗಲಿ ವಿಡಿಯೊದಲ್ಲಾಗಲಿ ಪೆಡಲ್ ಕೇಳುವಾಗ ಮೊದಲು ಗಮನಿಸಬೇಕಾದದ್ದು, ಪೆಡಲ್ ಆಫ್ ಇದ್ದಾಗ ಆಂಪ್ ನಿಜವಾಗಿ ಕ್ಲೀನ್ ಇದೆಯೇ ಎಂಬುದನ್ನು. ಇಲ್ಲವಾದರೆ ಆ ಪರೀಕ್ಷೆ ಮನೆಯ ಆಂಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಐಬನೀಜ್ ಹೆಸರಿನಲ್ಲಿ ಮಾರಾಟವಾದ ಟ್ಯೂಬ್ ಸ್ಕ್ರೀಮರ್ ಈ ಜಾತಿಯ ಪೆಡಲುಗಳಲ್ಲಿ ಬಹಳ ಹೆಸರಾದದ್ದು. ಜಪಾನಿನ ನಿಶ್ಶಿನ್ ಕಂಪನಿಯ ಸುಸುಮು ತಮುರಾ ಇದರ ವಿನ್ಯಾಸಕಾರ. ಒಂದು ಆಪ್-ಆಂಪ್ ಚಿಪ್, ಅದರ ಫೀಡ್‌ಬ್ಯಾಕ್ ದಾರಿಯಲ್ಲಿ ಎದುರುಬದುರಾಗಿ ಎರಡು ಸಿಲಿಕಾನ್ ಡಯೋಡು: ಒಡೆಯುವ ಕೆಲಸವೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಇದರ ಸ್ವಭಾವ ಡಯೋಡುಗಳಿಗಿಂತ ಹೆಚ್ಚಾಗಿ ಇನ್ನೆರಡು ಬಿಡಿಭಾಗಗಳಲ್ಲಿದೆ, 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ಇವೆರಡೂ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಬೇಸ್ ಸ್ವರಗಳು ಹೆಚ್ಚು ಒಡೆಯದಂತೆ ತಡೆಯುತ್ತವೆ. ಮುಂದೆ ಬರುವ ಟೋನ್ ಭಾಗ ಟ್ರೆಬಲನ್ನು ಕತ್ತರಿಸುತ್ತದೆ. ಎರಡೂ ಕಡೆ ಇಳಿದು, ನಡುವಿನ ಸ್ವರಗಳು ಗುಡ್ಡದಂತೆ ಎದ್ದು ನಿಲ್ಲುತ್ತವೆ.

ಫೆಂಡರ್ ಆಂಪಿನ ಟೋನ್ ಸರ್ಕ್ಯೂಟಿನ ಸ್ವಭಾವ ಇದಕ್ಕೆ ನೇರ ವಿರುದ್ಧ. ಅಲ್ಲಿ ಬೇಸ್ ಮತ್ತು ಟ್ರೆಬಲ್ ಎದ್ದಿರುತ್ತವೆ, ನಡುವೆ ತಗ್ಗು. ಗುಡ್ಡ ತಗ್ಗಿನಲ್ಲಿ ಕೂರುತ್ತದೆ. ಈ ಜೋಡಿ ಇಷ್ಟು ಕಾಲ ಬಾಳಿದ್ದರ ಹಿಂದೆ ಮಂತ್ರವೇನೂ ಇಲ್ಲ, ಇರುವುದು ಈ ಸರಳ ಕೂಡಿಕೆ. ಹಾಗೆಯೇ, ನಡುಸ್ವರಗಳು ಮೊದಲೇ ಮುಂದಿರುವ ಆಂಪಿಗೆ ಇದೇ ಪೆಡಲ್ ಹಾಕಿದರೆ ಮೂಗಿನಿಂದ ಹಾಡಿದಂತೆ ಕೇಳುವುದಕ್ಕೂ ಕಾರಣ ಅದೇ.

ಟ್ಯೂಬ್ ಸ್ಕ್ರೀಮರಿನ ಮಾದರಿಗಳಲ್ಲಿ ಹಳೆಯ ಟಿಎಸ್808ಕ್ಕೆ ಸಂಗ್ರಾಹಕರು ಕೊಡುವ ಬೆಲೆ ಹೊಸ ಟಿಎಸ್9ರ ಎಷ್ಟೋ ಪಟ್ಟು. ಆದರೆ ಎರಡರ ಸರ್ಕ್ಯೂಟುಗಳ ಮುಖ್ಯ ವ್ಯತ್ಯಾಸ ಕೊನೆಯ ಹಂತದ ಎರಡು ರೆಸಿಸ್ಟರುಗಳು: 808ರಲ್ಲಿ 100 ಓಮ್ ಮತ್ತು 10 ಕಿಲೋಓಮ್, ಟಿಎಸ್9ರಲ್ಲಿ 470 ಓಮ್ ಮತ್ತು 100 ಕಿಲೋಓಮ್. ರೆಸಿಸ್ಟರ್ ಒಂದಕ್ಕೆ ಬಿಡಿಗಾಸಿನ ಬೆಲೆ. ಹಳೆಯ ಪೆಡಲಿಗೆ ಹೆಚ್ಚು ಕೊಡುವವರು ಇತಿಹಾಸಕ್ಕೆ ಕೊಡುತ್ತಿದ್ದಾರೆ. ಅದು ತಪ್ಪಲ್ಲ, ಆದರೆ ಆ ಹಣವನ್ನು ನಾದದ ಖಾತೆಗೆ ಬರೆಯಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಪೆಡಲಿಗೆ ಬೇಕಾದ 4558 ಆಪ್-ಆಂಪ್ ಚಿಪ್, ಡಯೋಡು, ಕೆಪಾಸಿಟರುಗಳೆಲ್ಲ ಸಿಗುತ್ತವೆ. ಬೆಸುಗೆ ಹಾಕಲು ಬರುವವರು ಇದೇ ಸರ್ಕ್ಯೂಟನ್ನು ಸ್ವತಃ ಕಟ್ಟಿಕೊಳ್ಳಬಹುದು. ಆಗ ಖರ್ಚಿನ ದೊಡ್ಡ ಪಾಲು ಹೋಗುವುದು ಡಬ್ಬಿ, ಕಾಲುಸ್ವಿಚ್ ಮತ್ತು ಜ್ಯಾಕುಗಳಿಗೆ.

ಬಾಸ್ ಕಂಪನಿಯ ಎಸ್‌ಡಿ-1 ಇದರ ಹತ್ತಿರದ ಬಂಧು, 1981ರಿಂದ ತಯಾರಾಗುತ್ತಿದೆ. ಇದರಲ್ಲಿ ಡಯೋಡುಗಳು ಮೂರು, ಒಂದು ದಿಕ್ಕಿಗೆ ಎರಡು, ಇನ್ನೊಂದಕ್ಕೆ ಒಂದು. ಅಲೆಯ ಮೇಲಿನ ಮತ್ತು ಕೆಳಗಿನ ತುದಿಗಳು ಬೇರೆ ಬೇರೆ ಪ್ರಮಾಣದಲ್ಲಿ ಚಪ್ಪಟೆಯಾಗುವುದರಿಂದ ಸ್ವರದ ರಚನೆ ತುಸು ಬೇರೆ, ತುಸು ಒರಟು. ಬೆಲೆ ಟ್ಯೂಬ್ ಸ್ಕ್ರೀಮರಿಗಿಂತ ಕಡಿಮೆ. ಈ ಅಂಕಣಕಾರರ ಡಿಲಕ್ಸ್ ರಿವರ್ಬ್ ಮುಂದೆ ಬಂದುಹೋದ ಪೆಡಲುಗಳಲ್ಲಿ ಕೊನೆಗೂ ಉಳಿದುಕೊಂಡದ್ದು ಇದೇ. ಇದಕ್ಕಿಂತ ಎಷ್ಟೋ ದುಬಾರಿಯಾದವು ಬಂದು, ಮಾರಾಟವಾಗಿ ಹೋದವು. ಫೆಂಡರ್ ಮಾದರಿಯ ಆಂಪಿಗೆ ಮೊದಲ ಪೆಡಲ್ ಯಾವುದೆಂದು ಕೇಳುವವರಿಗೆ ಈ ಅಂಕಣದ ಉತ್ತರವೂ ಅದೇ.

ಆಂಪ್ ವಾಕ್ಸ್ ಎಸಿ30ರ ಜಾತಿಯದಾಗಿದ್ದರೆ ಮಾತು ಬೇರೆ. ಅಲ್ಲಿ ನಡುಸ್ವರಗಳ ಕೊರತೆಯಿಲ್ಲ. ಆಗ ಬೇಸನ್ನು ಕತ್ತರಿಸದ, ಸಮತಟ್ಟಾದ ಪೆಡಲ್ ಹೊಂದುತ್ತದೆ. ಮಾರ್ಷಲ್ ಕಂಪನಿ 1990ರ ದಶಕದ ಆರಂಭದಲ್ಲಿ ತಂದು, 2023ರಲ್ಲಿ ಮತ್ತೆ ಬಿಡುಗಡೆ ಮಾಡಿದ ಬ್ಲೂಸ್‌ಬ್ರೇಕರ್ ಅಂಥದ್ದು, ಗೇನ್ ಕಡಿಮೆ, ಬಣ್ಣ ಕಡಿಮೆ. 1995ರ ಬಾಸ್ ಬಿಡಿ-2 ಇನ್ನೊಂದು. ಬೆರಳಿನ ಒತ್ತಡ ಬದಲಾದಂತೆ ಅದರ ಸ್ವರವೂ ಬದಲಾಗುತ್ತದೆ, ಕ್ಲೀನ್ ಆಂಪಿನಲ್ಲಿ ಈ ಗುಣಕ್ಕೆ ಬಹಳ ಬೆಲೆ. ಟ್ರೆಬಲ್ ಹೆಚ್ಚಾದ ಆಂಪಿನಲ್ಲಿ ಮಾತ್ರ ಅದರ ಟೋನ್ ನಾಬನ್ನು ಅರ್ಧಕ್ಕಿಂತ ಕೆಳಗೇ ಇಡಬೇಕಾಗುತ್ತದೆ.

ಕ್ಲಾನ್ ಸೆಂಟಾರ್ ಹೆಸರನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಅಮೆರಿಕದ ಬಿಲ್ ಫಿನೆಗನ್ 1994ರಿಂದ ಈ ಹೆಸರಿನ ಸುಮಾರು 8,000 ಪೆಡಲುಗಳನ್ನು ಮಾಡಿ ನಿಲ್ಲಿಸಿದರು. ಇಂದು ಒಂದೊಂದೂ ಸಾವಿರಾರು ಡಾಲರಿಗೆ ಕೈ ಬದಲಾಗುತ್ತಿದೆ. ಸರ್ಕ್ಯೂಟಿನಲ್ಲಿ ನಿಜವಾದ ಜಾಣ್ಮೆಯಿದೆ: 9 ವೋಲ್ಟನ್ನು ಒಳಗೇ ಹೆಚ್ಚಿಸಿಕೊಳ್ಳುತ್ತದೆ, ಒಡೆದ ಸಿಗ್ನಲಿನ ಜೊತೆಗೆ ಒಡೆಯದ ಸಿಗ್ನಲನ್ನೂ ಬೆರೆಸುತ್ತದೆ. ಹೀಗೆ ಬೆರೆಸುವುದರಿಂದ ಕ್ಲೀನ್ ಆಂಪಿನಲ್ಲಿಯೂ ಮೀಟಿನ ಸ್ಪಷ್ಟತೆ ಉಳಿಯುತ್ತದೆ. ಒಳಗಿನದನ್ನು ಮುಚ್ಚಿದ್ದ ಕಪ್ಪು ರಾಳವನ್ನು ಬಿಡಿಸಿ ಸರ್ಕ್ಯೂಟ್ ಓದಿದವರಿಂದಾಗಿ ಈಗ ಅದೇ ಜಾಣ್ಮೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಸೋಲ್ ಫುಡ್‌ನಂಥ ಸಾಮಾನ್ಯ ಬೆಲೆಯ ಪೆಡಲುಗಳಲ್ಲೂ ಸಿಗುತ್ತದೆ. ಸಂಗ್ರಾಹಕರಲ್ಲದವರಿಗೆ ಮೂಲ ಪೆಡಲ್ ಕೊಳ್ಳಲು ಹಣಕಾಸಿನ ಕಾರಣ ಒಂದೂ ಇಲ್ಲ.

ಪೆಡಲ್ ಕೊಳ್ಳುವ ಮೊದಲು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಕೈಯಲ್ಲಿರುವ ಪೆಡಲ್ ಕಿವಿ ಚುಚ್ಚುತ್ತಿದ್ದರೆ ದೋಷ ಎಷ್ಟೋ ಸಲ ಪೆಡಲಿನದಲ್ಲ. ಡಿಲಕ್ಸ್ ರಿವರ್ಬ್‌ನ ವೈಬ್ರಾಟೊ ಚಾನೆಲ್‌ನಲ್ಲಿ 47 ಪಿಕೋಫ್ಯಾರಡ್‌ನ ಕೆಪಾಸಿಟರೊಂದು ಕಡಿಮೆ ವಾಲ್ಯೂಮಿನಲ್ಲಿ ಟ್ರೆಬಲನ್ನು ಎತ್ತಿ ಕೊಡುತ್ತದೆ, ನಾರ್ಮಲ್ ಚಾನೆಲ್‌ನಲ್ಲಿ ಅದು ಇಲ್ಲ. ಗಿಟಾರನ್ನು ಅಲ್ಲಿಗೆ ಜೋಡಿಸಿದರೆ ರಿವರ್ಬ್ ತಪ್ಪಿಹೋಗುತ್ತದೆ, ಆದರೆ ಓವರ್‌ಡ್ರೈವ್ ದುಂಡಗಾಗುತ್ತದೆ. ಈ ಆಂಪಿಗೆ ಮಿಡ್ ನಾಬ್ ಇಲ್ಲ. ಬೇಸ್ ಮತ್ತು ಟ್ರೆಬಲ್ ಎರಡನ್ನೂ ಇಳಿಸಿ ವಾಲ್ಯೂಮ್ ತುಸು ಏರಿಸಿದರೆ ನಡುವಿನ ತಗ್ಗು ತಾನೇ ಕಡಿಮೆಯಾಗುತ್ತದೆ. ಟ್ವಿನ್ ರಿವರ್ಬ್‌ನಲ್ಲಿ ಬ್ರೈಟ್ ಸ್ವಿಚ್ ಆಫ್ ಮಾಡಿದರೆ ಸಾಕು.

ಕೊಳ್ಳುವಾಗಿನ ಲೆಕ್ಕದಲ್ಲಿ ಬಿಲ್ಲಿನ ಮೊತ್ತಕ್ಕಿಂತ ಮರುಮಾರಾಟದ ನಷ್ಟ ಮುಖ್ಯ. 10,000 ರೂಪಾಯಿಗೆ ಕೊಂಡದ್ದು ಎರಡು ವರ್ಷದ ಮೇಲೆ 7,000ಕ್ಕೆ ಹೋದರೆ ಖರ್ಚು 3,000. 4,000ಕ್ಕೆ ಕೊಂಡ ಹೆಸರಿಲ್ಲದ ಪೆಡಲನ್ನು ಯಾರೂ ಕೇಳದಿದ್ದರೆ ಖರ್ಚು ಪೂರ್ತಿ 4,000. ಎಲ್ಲರಿಗೂ ಗೊತ್ತಿರುವ ಮಾದರಿಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ನಷ್ಟ ಇನ್ನೂ ಕಡಿಮೆ, ಯಾಕೆಂದರೆ ಮೊದಲ ಇಳಿಕೆಯನ್ನು ಹಿಂದಿನ ಮಾಲೀಕರೇ ಹೊತ್ತಿರುತ್ತಾರೆ. ವಿದೇಶದಿಂದ ತರಿಸುವವರು ಸಾಗಣೆ ಮತ್ತು ಕಸ್ಟಮ್ಸ್ ಸುಂಕವನ್ನು ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಆ ಹಣ ಮರುಮಾರಾಟದಲ್ಲಿ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಕೆಟ್ಟರೆ ರಿಪೇರಿಗೆ ಮತ್ತೆ ಅಲ್ಲಿಗೇ ಕಳಿಸಬೇಕಾಗಬಹುದು.

ಪರೀಕ್ಷಿಸುವಾಗ ಪಾಲಿಸಲೇಬೇಕಾದ ನಿಯಮ ಒಂದಿದೆ. ಹೋಲಿಸುವ ಪೆಡಲುಗಳ ಲೆವೆಲ್ ನಾಬನ್ನು ಹೊಂದಿಸಿ ಎಲ್ಲವೂ ಒಂದೇ ಸದ್ದಿನಲ್ಲಿ ಕೇಳುವಂತೆ ಮಾಡಿಕೊಳ್ಳಬೇಕು. ತುಸು ಜೋರಾಗಿರುವುದು ಕಿವಿಗೆ ಸಾಮಾನ್ಯವಾಗಿ ಉತ್ತಮವೆನಿಸುತ್ತದೆ, ಆ ಭ್ರಮೆಗೆ ಕೊಟ್ಟ ದುಡ್ಡು ವಾಪಸು ಬರುವುದಿಲ್ಲ. ಆಮೇಲೆ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ಕೇಳಬೇಕು. ಒಳ್ಳೆಯ ಓವರ್‌ಡ್ರೈವ್ ಆಗ ಹೆಚ್ಚುಕಡಿಮೆ ಕ್ಲೀನಾಗುತ್ತದೆ, ಮಂಕಾಗುವುದಿಲ್ಲ. ಸಾಧ್ಯವಾದರೆ ಈ ಎರಡೂ ಪರೀಕ್ಷೆ ಸ್ವಂತ ಆಂಪಿನಲ್ಲಿ, ನಿತ್ಯ ನುಡಿಸುವ ಸದ್ದಿನಲ್ಲೇ ಆಗಬೇಕು.

ಉಳಿದದ್ದು ವಿದ್ಯುತ್ತು. ಈ ಪೆಡಲುಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪ್ಲಗ್ಗಿನ ನಡುಭಾಗ ನೆಗೆಟಿವ್. ಉಲ್ಟಾ ಧ್ರುವದ ಅಡಾಪ್ಟರ್ ಹಾಕಿದರೆ ಪೆಡಲ್ ಸುಟ್ಟುಹೋಗಬಹುದು. ಓವರ್‌ಡ್ರೈವ್ ಎಳೆಯುವ ಕರೆಂಟ್ ಕೆಲವೇ ಮಿಲಿಆಂಪ್, ಹಾಗಾಗಿ ಒಂದೇ ಪೆಡಲ್ ಇರುವವರು ದುಬಾರಿ ಪವರ್ ಸಪ್ಲೈ ಕೊಳ್ಳಬೇಕಿಲ್ಲ, ಗೊಂಯ್‌ಗುಡದ ಒಂದು ಸಾಧಾರಣ ಅಡಾಪ್ಟರ್ ಸಾಕು. ಬ್ಯಾಟರಿಯಲ್ಲಿ ನುಡಿಸುವವರು ನುಡಿಸಿ ಮುಗಿದೊಡನೆ ಇನ್‌ಪುಟ್ ಜ್ಯಾಕಿನಿಂದ ಕೇಬಲ್ ತೆಗೆಯಬೇಕು. ಬ್ಯಾಟರಿಯ ಸ್ವಿಚ್ ಆ ಜ್ಯಾಕಿನಲ್ಲೇ ಇದೆ. ಕೇಬಲ್ ಅಲ್ಲಿರುವಷ್ಟು ಹೊತ್ತೂ, ಪೆಡಲ್ ಆಫ್ ಇದ್ದರೂ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.