ಅಡಿಕೆಗೆ ಹೋದ ಮಾನ



ಹಬ್ಬ ಬಂತು, ಜಾತ್ರೆ ಬಂತು ಅಂದರೆ ನಾವೆಲ್ಲ ಪೇಟೆಗೆ ಹೋಗ್ತೀವಿ. ನಂಜನಗೂಡಿನ ದೊಡ್ಡ ಜಾತ್ರೆಗೆ ಸಾವಿರಾರು ಜನ ಸೇರ್ತಾರೆ. ಟಿ. ನರಸೀಪುರದಲ್ಲಿ ಕಾವೇರಿ, ಕಪಿಲೆ ಕೂಡುವ ಕಡೆ 2025ರ ಫೆಬ್ರವರಿಯಲ್ಲಿ ಕುಂಭಮೇಳ ನಡೆಯಿತು. ಆಗಲೂ ಜನವೋ ಜನ. ಜನ ಇದ್ದ ಕಡೆ ಅಂಗಡಿ ಇರುತ್ತದೆ. ಬಳೆ, ಬಟ್ಟೆ, ಪಾತ್ರೆ, ಸೋಪು ಎಲ್ಲ ಕಣ್ಣೆದುರಿಗೇ ಇರುತ್ತವೆ.

ಕೆಲವರು ದುಡ್ಡು ಕೊಡದೆ ಸಾಮಾನನ್ನು ಸೆರಗಿನಲ್ಲೋ ಚೀಲದಲ್ಲೋ ಬಚ್ಚಿಟ್ಟುಕೊಂಡು ಹೋಗ್ತಾರೆ. ಇದು ಅಂಗಡಿ ಕಳ್ಳತನ.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಅಂತ ಗಾದೆ ಇದೆ. ಅದು ಎಚ್ಚರಿಕೆಯ ಮಾತು. ಆದರೆ ಸಿಕ್ಕಿಬಿದ್ದವರು ಮಾನಕ್ಕೆ ಹೆದರಿ ಇನ್ನೂ ದೊಡ್ಡ ಆಪತ್ತಿಗೆ ಸಿಕ್ಕಬಾರದು. ಅದಕ್ಕೇ ಈ ಪಾಠ.

ಒಂದು ಸೋಪಿನ ಲೆಕ್ಕ

"ಒಂದು ಸೋಪು ಹೋದರೆ ಅಂಗಡಿಯವನಿಗೇನು ನಷ್ಟ?" ಅಂತ ಕೆಲವರು ಕೇಳ್ತಾರೆ. ಲೆಕ್ಕ ಹಾಕೋಣ. ಅಂಗಡಿಯವರು 36 ರೂಪಾಯಿಗೆ ಸೋಪು ತಂದು 40ಕ್ಕೆ ಮಾರ್ತಾರೆ ಅನ್ನೋಣ. ಲಾಭ 4 ರೂಪಾಯಿ. ಒಂದು ಸೋಪು ಕಳುವಾದರೆ 36 ರೂಪಾಯಿ ಹೋಯಿತು. ಅದನ್ನು ತುಂಬಲು ಇನ್ನೂ 9 ಸೋಪು ಮಾರಬೇಕು. ಆ ಅಂಗಡಿ ನಮ್ಮ ಸಂಘದ ಅಕ್ಕನದೇ ಆಗಿರಬಹುದು. ಕದಿಯುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ.

ಯಾಕೆ ಕದೀತಾರೆ?

ಎಲ್ಲರಿಗೂ ಕಾರಣ ಒಂದೇ ಅಲ್ಲ.

ಮನೆಯಲ್ಲಿ ಮಕ್ಕಳು ಹಸಿದಿರುತ್ತವೆ, ಕೈಯಲ್ಲಿ ಕಾಸಿರಲ್ಲ. ಹಾಗೆ ಕೆಲವರು ಕದೀತಾರೆ. ಕೆಲವರು ಆಸೆಗೆ ಕದೀತಾರೆ. ಹುಡುಗ ಹುಡುಗಿಯರು ಜೊತೆಗಾರರ ಮುಂದೆ ಧೈರ್ಯ ತೋರಿಸಲು ಕದೀತಾರೆ. ಕದ್ದು ಮಾರುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ.

ಸಾಲದ ಕಾಟವೂ ಮನಸ್ಸು ಕೆಡಿಸುತ್ತದೆ. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಜನ ಸಾಲ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದ ಸುದ್ದಿ ಬಂತು. ಸಾಲ ಮಾಡಿದವರೆಲ್ಲ ಕದಿಯುವುದಿಲ್ಲ. ಆದರೆ ದಾರಿ ಕಾಣದಾಗ ಮನುಷ್ಯರ ಬುದ್ಧಿ ಮಂಕಾಗುತ್ತದೆ. ಅದೇ ವರ್ಷ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಕಾಯಿದೆ ತಂದಿತು. ಮನೆ ಮುಂದೆ ನಿಂತು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ಇನ್ನು ಕಾಯಿಲೆ. ವಯಸ್ಸಾದವರಿಗೆ ಮರೆವಿನ ಕಾಯಿಲೆ ಬಂದರೆ ದುಡ್ಡು ಕೊಡುವುದನ್ನೇ ಮರೀತಾರೆ. ಬಹಳ ಅಪರೂಪಕ್ಕೆ ಕೆಲವರಿಗೆ ಕದಿಯುವ ಗೀಳು ಇರುತ್ತದೆ. ಅವರಿಗೆ ಆ ಸಾಮಾನು ಬೇಕಾಗಿಯೇ ಇರಲ್ಲ. ಆದರೂ ಕೈ ತಡೆಯೋಕೆ ಆಗಲ್ಲ. ಆಮೇಲೆ ನಾಚಿಕೆಯಿಂದ ಕೊರಗ್ತಾರೆ. ಇದಕ್ಕೆ ಡಾಕ್ಟರು ಕ್ಲೆಪ್ಟೋಮೇನಿಯಾ ಅಂತಾರೆ. ಇದಕ್ಕೆ ಚಿಕಿತ್ಸೆ ಇದೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಸೆಕ್ಷನ್ ಕಳ್ಳತನದ ಬಗ್ಗೆ ಹೇಳುತ್ತದೆ. ಕಳ್ಳತನ ಸಾಬೀತಾದರೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಮತ್ತೆ ಕದ್ದು ಶಿಕ್ಷೆಯಾದರೆ 1 ವರ್ಷಕ್ಕೆ ಕಡಿಮೆ ಇಲ್ಲದೆ 5 ವರ್ಷದವರೆಗೆ ಕಠಿಣ ಜೈಲು ಮತ್ತು ದಂಡ.

ಸಾಮಾನಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆ ಆಗುತ್ತಿದ್ದು, ಸಾಮಾನನ್ನೋ ಅದರ ಬೆಲೆಯನ್ನೋ ಹಿಂದಕ್ಕೆ ಕೊಟ್ಟರೆ, ಈ ಸೆಕ್ಷನ್ನಿನಲ್ಲಿ ಸಮುದಾಯ ಸೇವೆಯ ಶಿಕ್ಷೆ ಇದೆ. ಅಂದರೆ ಕೂಲಿಯಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕು.

ಆದರೆ ಸಾಮಾನು ಇಡುವ ಕಟ್ಟಡದೊಳಗೆ ಕಳ್ಳತನ ಆಯಿತು ಅಂತ 305ನೇ ಸೆಕ್ಷನ್ ಹಾಕಿದರೆ 7 ವರ್ಷದವರೆಗೂ ಜೈಲು ಆಗಬಹುದು. ಆದ್ದರಿಂದ ಯಾವ ಸೆಕ್ಷನ್ ಹಾಕಿದ್ದಾರೆ ಅಂತ ವಕೀಲರನ್ನು ಕೇಳಬೇಕು. ಕೆಲವು ಕೇಸುಗಳಲ್ಲಿ ಮಾಲೀಕರು ಒಪ್ಪಿದರೆ ಕಾನೂನಿನ ಪ್ರಕಾರವೇ ರಾಜಿ ಆಗಬಹುದು.

ಸಿಕ್ಕಿಬಿದ್ದಾಗ

ಅಂಗಡಿಯವರು ಪೊಲೀಸರನ್ನು ಕರೆಯಬಹುದು. ಆದರೆ ಹೊಡೆಯುವ ಹಕ್ಕು ಅವರಿಗಿಲ್ಲ. ಕಂಬಕ್ಕೆ ಕಟ್ಟುವ ಹಕ್ಕೂ ಇಲ್ಲ. ಗುಂಪು ಕಟ್ಟಿಕೊಂಡು ಹೊಡೆದರೆ ಹೊಡೆದವರೇ ಅಪರಾಧಿಗಳಾಗ್ತಾರೆ. ಅಂಥ ಕಡೆ ನಾವಿದ್ದರೆ ನೋಡುತ್ತಾ ನಿಲ್ಲಬಾರದು. 112ಕ್ಕೆ ಫೋನ್ ಮಾಡಬೇಕು.

ಬಂಧಿಸಿದರೆ ಪೊಲೀಸರು ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಂಗಸಿನ ಮೈ ಶೋಧಿಸಬೇಕಾದರೆ ಹೆಂಗಸೇ ಶೋಧಿಸಬೇಕು. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅಗತ್ಯವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದೇ ಬಂಧಿಸಬೇಕು.

ಹದಿನೆಂಟು ತುಂಬದ ಮಕ್ಕಳನ್ನು ಜೈಲಿಗಾಗಲಿ, ಪೊಲೀಸ್ ಲಾಕಪ್ಪಿಗಾಗಲಿ ಹಾಕುವಂತಿಲ್ಲ. ಅವರ ವಿಚಾರಣೆಗೆ ಬಾಲನ್ಯಾಯ ಮಂಡಳಿ ಇದೆ. ಮಕ್ಕಳ ಸಹಾಯಕ್ಕೆ 1098.

ಇನ್ನೊಂದು ಮುಖ್ಯ ಮಾತು. ಕೆಲವೊಮ್ಮೆ ಒಂದು ಕಾಗದ ತಂದು, "ಸಹಿ ಹಾಕಮ್ಮ, ಬಿಟ್ಟುಬಿಡ್ತೀವಿ" ಅಂತಾರೆ. ಹಿಂದೆ ನಾವು ಹೆಬ್ಬೆಟ್ಟು ಒತ್ತಿ ಬರ್ತಿದ್ದೆವು. ಈಗ ನಮಗೆ ಓದು ಬಂದಿದೆ. ಒಂದೊಂದೇ ಅಕ್ಷರ ಕೂಡಿಸಿ ಓದೋಣ. ತಡವಾದರೆ ಆಗಲಿ. ಮಾಡದ ತಪ್ಪು ಬರೆದಿದ್ದರೆ ಸಹಿ ಬೇಡ. ಖಾಲಿ ಕಾಗದಕ್ಕಂತೂ ಸಹಿ ಬೇಡವೇ ಬೇಡ. "ವಕೀಲರನ್ನು ಕೇಳಿ ಹಾಕ್ತೀನಿ" ಅಂತ ಹೇಳೋಣ.

ಸಹಾಯ ಎಲ್ಲಿದೆ?

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಪ್ರಕಾರ ಯಾವುದೇ ಹೆಂಗಸಿಗೆ ಸರ್ಕಾರದ ಕಡೆಯಿಂದ ಉಚಿತವಾಗಿ ವಕೀಲರು ಸಿಗ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ನಂಜನಗೂಡಿನಲ್ಲಾಗಲಿ, ಟಿ. ನರಸೀಪುರದಲ್ಲಾಗಲಿ ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. 15100ಕ್ಕೆ ಫೋನ್ ಕೂಡ ಮಾಡಬಹುದು.

ಮನಸ್ಸು ಹಿಡಿತಕ್ಕೆ ಸಿಗುತ್ತಿಲ್ಲವೇ? ಸಾಯಬೇಕು ಅನ್ನಿಸುತ್ತಿದೆಯೇ? 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ. ಹಗಲು ರಾತ್ರಿ ಮಾತಾಡ್ತಾರೆ, ಕನ್ನಡದಲ್ಲೂ ಮಾತಾಡ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರು ಇದ್ದಾರೆ. ಕಾಯಿಲೆಯ ಚೀಟಿ ಇದ್ದರೆ ವಕೀಲರಿಗೂ ತೋರಿಸಿ.

ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಸಂಘದಲ್ಲಿ ಬಾಯಿ ಬಿಟ್ಟು ಹೇಳಿ. ಪಡಿತರ ಚೀಟಿಯ ತೊಂದರೆ ಇದ್ದರೆ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಕೇಳುವುದು ನಾಚಿಕೆಯಲ್ಲ.

ಮಗು ಗೊತ್ತಿಲ್ಲದ ಸಾಮಾನು ಮನೆಗೆ ತಂದರೆ ಬಾಸುಂಡೆ ಬರುವ ಹಾಗೆ ಹೊಡೆಯಬೇಡಿ. ಮುಚ್ಚಿಡಲೂ ಬೇಡಿ. ಎಲ್ಲಿಂದ ತಂದೆ, ಯಾಕೆ ತಂದೆ ಅಂತ ಕೇಳಿ. ಜೊತೆಯಲ್ಲೇ ಹೋಗಿ ವಾಪಸು ಕೊಡಿಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಅವರು ಮತ್ತೆ ನೆಟ್ಟಗೆ ಬಾಳುವ ಹಾಗೆ ಕೈ ಹಿಡಿಯುವುದು ನಮ್ಮ ಕೆಲಸ. ಹೋದ ಮಾನವನ್ನು ಆನೆ ತಂದುಕೊಡಲಾರದು. ದುಡಿದು ಬಾಳುವ ಬಾಳು ತಂದುಕೊಟ್ಟೀತು.

ಮಾತಾಡೋಣ, ಬರೆಯೋಣ

1. ಜನ ಕದಿಯಲು ಇರುವ ಮೂರು ಕಾರಣ ಬರೆಯಿರಿ.
2. 30 ರೂಪಾಯಿಗೆ ತಂದ ಎಣ್ಣೆ ಸೀಸೆಯನ್ನು 35ಕ್ಕೆ ಮಾರ್ತಾರೆ. ಒಂದು ಸೀಸೆ ಕಳುವಾದರೆ ನಷ್ಟ ತುಂಬಲು ಎಷ್ಟು ಸೀಸೆ ಮಾರಬೇಕು?
3. ಓದದೆ ಸಹಿ ಹಾಕಿದರೆ ಏನಾಗಬಹುದು? ಗುಂಪಿನಲ್ಲಿ ಮಾತಾಡಿ.
4. 112, 1098, 14416, 15100. ಈ ನಂಬರುಗಳನ್ನು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ.