ಬಾನಿನಿಂದ ಇಳಿಯುವ ಚಿತ್ರ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ಸಮೀಪದಲ್ಲಿ ಕೋಗಿಲಬನವೆಂಬ ಹಳ್ಳಿಯಿದೆ. ಕೋಗಿಲೆಯೂ ಬನವೂ ಕೂಡಿ ಆದ ಹೆಸರು ಅದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಸೇರಿದ ಈ ಸೀಮೆ ಕಾಡು ಗುಡ್ಡಗಳ ನಾಡು. ತೇಗ, ಮತ್ತಿ, ಬಿದಿರುಗಳ ನಡುವೆ ಇಲ್ಲಿ ನಾಲ್ಕು ಮನೆಗಳಿದ್ದರೆ, ಗದ್ದೆಯ ಬಯಲನ್ನೂ ಹಳ್ಳವನ್ನೂ ದಾಟಿದ ಮೇಲೆ ಇನ್ನೆರಡು ಮನೆಗಳು ಕಾಣುತ್ತವೆ. ಇಂಥ ಕಡೆ ಹೆಂಚಿನ ಮನೆಯ ಮಗ್ಗುಲಲ್ಲಿ, ಕಬ್ಬಿಣದ ಕಂಬದ ಮೇಲೆ ಸುಮಾರು ಎರಡು ಅಡಿ ಅಗಲದ ತಟ್ಟೆಯೊಂದು ನಿಂತಿರುವುದನ್ನು ನೋಡಬಹುದು. ಜನರು ಅದನ್ನು ಡಿಶ್ ಎಂದು ಕರೆಯುತ್ತಾರೆ. ಅದು ಆಗ್ನೇಯ ದಿಕ್ಕಿಗೆ ಮುಖ ಮಾಡಿ, ಬಿಸಿಲು ಮಳೆಗಳಲ್ಲಿ ಅಲುಗದೆ, ಬಾನಿನ ಒಂದೇ ಒಂದು ಬಿಂದುವನ್ನು ದಿಟ್ಟಿಸುತ್ತಿರುತ್ತದೆ. ಆ ಬಿಂದುವಿನಲ್ಲಿ ಏನಿದೆ? ಅಲ್ಲಿಂದ ಈ ಮನೆಗೆ ಬರುವುದೇನು? ಅದಕ್ಕೆ ಮನೆಯವರು ತೆರುವ ಬೆಲೆಯೆಷ್ಟು?

ಭಾರತದಲ್ಲಿ ದೂರದರ್ಶನ ಪ್ರಸಾರವು ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಬೆಂಗಳೂರಿನ ದೂರದರ್ಶನ ಕೇಂದ್ರವು ಕಾರ್ಯ ತೊಡಗಿದುದು ೧೯೮೧ರ ನವೆಂಬರ್ ೧ರಂದು. ಆ ಕಾಲದಲ್ಲಿ ಚಿತ್ರಗಳು ಎತ್ತರದ ಗೋಪುರದಿಂದ ಹೊರಟು ಮನೆಮನೆಯ ಆಂಟೆನಾಗಳನ್ನು ತಲಪುತ್ತಿದ್ದವು. ಚಿತ್ರವನ್ನು ಹೊತ್ತ ತರಂಗಗಳು ಬೆಳಕಿನಂತೆ ಹೆಚ್ಚು ಕಡಿಮೆ ನೇರವಾಗಿ ಸಾಗುತ್ತವೆ. ನಡುವೆ ಬೆಟ್ಟ ಬಂದರೆ ಅದನ್ನು ಸುತ್ತಿ ಬರಲಾರವು. ಆದುದರಿಂದ ಗೋಪುರಕ್ಕೆ ಸಮೀಪದ ಪಟ್ಟಣಗಳಲ್ಲಿ ಚಿತ್ರವು ಸ್ಪಷ್ಟವಾಗಿರುತ್ತಿತ್ತು. ಕಣಿವೆಯ ಹಳ್ಳಿಗಳಲ್ಲಿ ಉದ್ದನೆಯ ಗಳುವಿಗೆ ಆಂಟೆನಾ ಕಟ್ಟಿ, ಒಬ್ಬರು ಅದನ್ನು ತಿರುಗಿಸುತ್ತ, ಒಳಗಿನಿಂದ ಇನ್ನೊಬ್ಬರು ಕೂಗಿ ಹೇಳುತ್ತ ಎಷ್ಟು ಹೆಣಗಿದರೂ ಪರದೆಯ ಮೇಲೆ ಕಾಣುತ್ತಿದ್ದುದು ಮಂಜು ಸುರಿದಂತಹ ಚುಕ್ಕೆಗಳು ಮಾತ್ರ. ೧೯೯೦ರ ದಶಕದಲ್ಲಿ ಕೇಬಲ್ ಬಂದಿತು. ಅದು ಮನೆಯಿಂದ ಮನೆಗೆ ತಂತಿ ಎಳೆದು ಚಿತ್ರವನ್ನು ತರುವ ವ್ಯವಸ್ಥೆ. ತಿಂಗಳು ತಿಂಗಳಿಗೆ ಬಾಡಿಗೆ ಕೊಡಬೇಕು. ಸಾಲುಮನೆಗಳ ಬೀದಿಯಲ್ಲಿ ತಂತಿ ಎಳೆಯುವುದು ಸುಲಭ. ಆದರೆ ಎರಡು ಮನೆಗಳಿಗಾಗಿ ಒಂದು ಕಾಡನ್ನು ದಾಟಿ ತಂತಿ ಎಳೆಯುವವರು ಯಾರು? ಬೆಟ್ಟವು ತಡೆದುದನ್ನು ಲಾಭ ನಷ್ಟಗಳ ಲೆಕ್ಕವೂ ತಡೆಯಿತು.

ಈ ತೊಡಕಿಗೆ ಪರಿಹಾರವು ಬಾನಿನಲ್ಲಿದೆಯೆಂಬುದನ್ನು ಕರ್ನಾಟಕದ ಹಳ್ಳಿಗಳು ಅದಕ್ಕೆ ಮುಂಚೆಯೇ ಒಮ್ಮೆ ಕಂಡಿದ್ದವು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ‘ಸೈಟ್’ ಎಂಬ ಹೆಸರಿನ ದೊಡ್ಡ ಪ್ರಯೋಗವೊಂದು ಭಾರತದಲ್ಲಿ ನಡೆಯಿತು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ದೊರೆತ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಶಿಕ್ಷಣ, ಕೃಷಿ, ಆರೋಗ್ಯಗಳ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಆಂಟೆನಾದ ಕೆಳಗೆ ಊರಿಗೊಂದು ಟಿ.ವಿ. ಇಡಲಾಗಿತ್ತು. ಹಗಲಲ್ಲಿ ಶಾಲೆಯ ಮಕ್ಕಳೂ ಸಂಜೆ ದುಡಿದು ಬಂದ ಜನರೂ ಅದರ ಮುಂದೆ ಕಲೆಯುತ್ತಿದ್ದರು. ರಾಜಧಾನಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇಲ್ಲದಿದ್ದ ದಿನಗಳಲ್ಲಿ ಈ ಹಳ್ಳಿಗರು ಕನ್ನಡದ ಕಾರ್ಯಕ್ರಮಗಳನ್ನು ನೋಡಿದರು. ಆದರೆ ವರ್ಷವು ಮುಗಿದೊಡನೆ ಆ ಉಪಗ್ರಹವು ಮರಳಿ ಹೋಯಿತು. ಅದನ್ನೇ ನಂಬಿದ್ದ ಪರದೆಗಳು ಬರಿದಾದವು. ಎರವಲು ತಂದ ದೀಪದ ಬೆಳಕು ಎಷ್ಟು ಹೊತ್ತು ಇದ್ದೀತು? ದೇಶಕ್ಕೆ ತನ್ನದೇ ಆದ ಉಪಗ್ರಹ ಬೇಕೆಂಬುದು ಆ ಅನುಭವದಿಂದ ಇನ್ನಷ್ಟು ಸ್ಪಷ್ಟವಾಯಿತು.

ಇಂದು ಕೋಗಿಲಬನದ ಡಿಶ್ ದಿಟ್ಟಿಸುತ್ತಿರುವುದು ಅಂತಹ ಸ್ವಂತ ಉಪಗ್ರಹವನ್ನೇ. ಜಿಸ್ಯಾಟ್-೧೫ ಎಂಬ ಅದನ್ನು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ನಿರ್ಮಿಸಿತು. ೩,೧೬೪ ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು ೨೦೧೫ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ನೆಲೆಯಿಂದ ಹಾರಿಸಲಾಯಿತು. ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿ, ನಿಕೋಬಾರ್ ದ್ವೀಪಗಳಿಗೆ ದಕ್ಷಿಣದ ಸಾಗರದ ನೆತ್ತಿಯಲ್ಲಿ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಅದರ ನೆಲೆ. ಅಷ್ಟು ಎತ್ತರದಲ್ಲಿ ಉಪಗ್ರಹವು ಭೂಮಿಯನ್ನು ಒಮ್ಮೆ ಸುತ್ತಿ ಬರಲು ತೆಗೆದುಕೊಳ್ಳುವ ಕಾಲವೂ ಭೂಮಿಯು ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವ ಕಾಲವೂ ಒಂದೇ. ಜಾತ್ರೆಯ ರಾಟವಾಳದಲ್ಲಿ ಜೊತೆಯಾಗಿ ಸುತ್ತುವ ಇಬ್ಬರಿಗೆ ಪರಸ್ಪರರ ಮುಖ ಸದಾ ಕಾಣುವಂತೆ, ಭೂಮಿಯ ಮೇಲಿನವರಿಗೆ ಆ ಉಪಗ್ರಹವು ನಿಂತಲ್ಲಿಯೇ ನಿಂತಂತೆ ತೋರುತ್ತದೆ. ಇಂತಹ ಮೂರು ನೆಲೆಗಳಿಂದ ಇಡೀ ಜಗತ್ತಿಗೆ ಸಂದೇಶ ಕಳುಹಿಸಬಹುದೆಂದು ಆಂಗ್ಲ ಲೇಖಕ ಆರ್ಥರ್ ಸಿ. ಕ್ಲಾರ್ಕ್ ೧೯೪೫ರಲ್ಲಿಯೇ ಬರೆದಿದ್ದನು. ಉಪಗ್ರಹವು ತನ್ನ ನೆಲೆಯಿಂದ ಜಾರದಂತೆ ಕಾಯುವ ನಿಯಂತ್ರಣ ಕೇಂದ್ರವು ನಮ್ಮ ಹಾಸನದಲ್ಲಿದೆಯೆಂಬುದು ಕನ್ನಡಿಗರು ಅರಿತಿರಬೇಕಾದ ಸಂಗತಿ.

ದೆಹಲಿಯ ತೋಡಾಪುರದಲ್ಲಿರುವ ದೂರದರ್ಶನದ ಭೂಕೇಂದ್ರದಿಂದ ಹೊರಟ ಚಿತ್ರವು ಉಪಗ್ರಹಕ್ಕೆ ಏರಿ, ಅಲ್ಲಿಂದ ದೇಶದ ಮೇಲೆಲ್ಲ ಇಳಿಯುತ್ತದೆ. ಏರಿಳಿಯುವ ಈ ೭೨,೦೦೦ ಕಿಲೋಮೀಟರ್ ದಾರಿಗೆ ಹಿಡಿಯುವ ಕಾಲ ಒಂದು ಸೆಕೆಂಡಿನ ಕಾಲು ಭಾಗ ಮಾತ್ರ. ಅಷ್ಟು ದೂರದಿಂದ ಬಂದ ತರಂಗವು ಬಹಳ ಕ್ಷೀಣವಾಗಿರುತ್ತದೆ. ಡಿಶ್ಶಿನ ಬಾಗು ಅದನ್ನೆಲ್ಲ ಒಂದೆಡೆಗೆ ಒಟ್ಟುಗೂಡಿಸುತ್ತದೆ. ಅದರ ಮುಂದೆ ಚಾಚಿದ ಕೋಲಿನ ತುದಿಯಲ್ಲಿರುವ ಎಲ್.ಎನ್.ಬಿ. ಎಂಬ ಚಿಕ್ಕ ಸಾಧನವು ಅದನ್ನು ಬಲಗೊಳಿಸಿ, ತಂತಿಯಲ್ಲಿ ಸಾಗಬಲ್ಲ ರೂಪಕ್ಕೆ ತಂದು ಒಳಗೆ ಕಳುಹಿಸುತ್ತದೆ. ಟಿ.ವಿ.ಯ ಬಳಿಯ ಸೆಟ್ ಟಾಪ್ ಬಾಕ್ಸ್ ಅದನ್ನು ಬಿಡಿಸಿ ಚಿತ್ರವನ್ನಾಗಿಯೂ ಧ್ವನಿಯನ್ನಾಗಿಯೂ ಮಾಡುತ್ತದೆ. ಡಿಶ್, ಎಲ್.ಎನ್.ಬಿ., ತಂತಿ, ಬಾಕ್ಸ್: ಬೇಕಾದುದು ಇಷ್ಟೆ. ಇವುಗಳಿಗೆ ಒಂದು ಸಲ ಎರಡು ಸಾವಿರ ರೂಪಾಯಿಗಳಷ್ಟು ವೆಚ್ಚವಾಗಬಹುದು. ಅನಂತರ ತಿಂಗಳ ಬಾಡಿಗೆಯಿಲ್ಲ, ರೀಚಾರ್ಜ್ ಇಲ್ಲ. ಡಿಡಿ ಫ್ರೀ ಡಿಶ್ ಎಂಬ ಈ ಸೇವೆಯು ೨೦೦೪ರ ಡಿಸೆಂಬರ್ ೧೬ರಂದು, ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ, ೩೩ ವಾಹಿನಿಗಳೊಡನೆ ಆರಂಭವಾಯಿತು. ಇದಕ್ಕೆ ಮಾಸಿಕ ಶುಲ್ಕವನ್ನು ಯಾರಾದರೂ ಕೇಳಿದರೆ ಕೊಡಬೇಕಾದುದಿಲ್ಲ.

ಡಿಶ್ಶನ್ನು ನಿಲ್ಲಿಸುವುದರಲ್ಲಿ ಒಂದು ಲೆಕ್ಕವಿದೆ. ಕೋಗಿಲಬನದಿಂದ ನೋಡಿದರೆ ಉಪಗ್ರಹವು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು ೬೨ ಡಿಗ್ರಿ ಮೇಲೆ ಇರುತ್ತದೆ. ತಟ್ಟೆಯ ಬಾಗು ಓರೆಯಾಗಿರುವುದರಿಂದ ಅದು ಅಷ್ಟು ಮೇಲೆ ನೋಡುತ್ತಿರುವಂತೆ ಕಣ್ಣಿಗೆ ತೋರುವುದಿಲ್ಲ. ಆದರೂ ಅದರ ನೋಟದ ದಾರಿ ಅದೇ. ಅಷ್ಟು ಮೇಲಿನಿಂದ ಬರುವ ತರಂಗಕ್ಕೆ ದೂರದ ಗುಡ್ಡಗಳು ಅಡ್ಡಬರುವುದಿಲ್ಲ. ಅಡ್ಡಬರುವುದು ಅಂಗಳದ ಮರ. ಮರದ ಎತ್ತರ ಎಷ್ಟಿದೆಯೋ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿ ಡಿಶ್ ನಿಂತರೆ ನೋಟಕ್ಕೆ ತಡೆಯಿರುವುದಿಲ್ಲ. ೬೦ ಅಡಿ ಎತ್ತರದ ತೇಗದ ಮರವಿದ್ದರೆ ಡಿಶ್ ಅದರಿಂದ ೩೨ ಅಡಿಗಳಿಗಿಂತ ಆಚೆಗಿರಬೇಕು. ಕೊಂಬೆಗಳ ಹರಹಿಗಾಗಿ ಇನ್ನೂ ಕೆಲವು ಅಡಿ ಬಿಡುವುದು ಮೇಲು. ಹತ್ತು ಹೆಜ್ಜೆ ಸರಿಸಬಹುದಾದ ಕಂಬಕ್ಕಾಗಿ ನೂರು ವರ್ಷದ ಮರವನ್ನು ಕಡಿಯಬೇಕಾಗಿಲ್ಲವೆಂಬುದನ್ನು ತ್ರಿಕೋನದ ಈ ಚಿಕ್ಕ ಲೆಕ್ಕವು ತಿಳಿಸಿಕೊಡುತ್ತದೆ.

ಇನ್ನು ಚಿತ್ರದ ಸ್ಪಷ್ಟತೆಯ ವಿಚಾರ. ಟಿ.ವಿ.ಯ ಚಿತ್ರವು ರಂಗವಲ್ಲಿಯಂತೆ ಚುಕ್ಕೆಗಳಿಂದ ಆದುದು. ಸಾಧಾರಣ ಚಿತ್ರದಲ್ಲಿ ಅಡ್ಡಕ್ಕೆ ೭೨೦, ಉದ್ದಕ್ಕೆ ೫೭೬ ಚುಕ್ಕೆಗಳಂತೆ ಒಟ್ಟು ೪,೧೪,೭೨೦ ಚುಕ್ಕೆಗಳಿರುತ್ತವೆ. ಹೈ ಡೆಫಿನಿಷನ್, ಅಂದರೆ ಎಚ್.ಡಿ. ಚಿತ್ರದಲ್ಲಿ ೧,೯೨೦ಕ್ಕೆ ೧,೦೮೦ರಂತೆ ೨೦,೭೩,೬೦೦ ಚುಕ್ಕೆಗಳು. ಸರಿಯಾಗಿ ಐದು ಪಟ್ಟು. ಭೂಪಟದ ಮೇಲಿನ ಚಿಕ್ಕ ಹೆಸರನ್ನು, ಎಲೆಯ ನರಗಳನ್ನು, ಕರಿಹಲಗೆಯ ಮೇಲಿನ ಸಣ್ಣ ಅಕ್ಷರವನ್ನು ಅದು ಬಿಡಿಬಿಡಿಯಾಗಿ ತೋರಿಸಬಲ್ಲದು. ಆದರೆ ಇದನ್ನು ಪಡೆಯಲು ಎಚ್ಚರ ಬೇಕು. ಫ್ರೀ ಡಿಶ್‌ನ ಎಲ್ಲ ವಾಹಿನಿಗಳೂ ಎಚ್.ಡಿ. ರೂಪದಲ್ಲಿಲ್ಲ, ದೂರದರ್ಶನದ ಕೆಲವು ವಾಹಿನಿಗಳು ಮಾತ್ರ ಹಾಗಿವೆ. ಅವನ್ನು ಬಿಡಿಸಿ ತೋರಿಸಲು ಎಂಪೆಗ್-೪ ಎಂದು ಬರೆದಿರುವ ಬಾಕ್ಸ್ ಬೇಕು. ಎಂಪೆಗ್-೨ ಮಾತ್ರ ತಿಳಿದ ಹಳೆಯ ಬಾಕ್ಸಿಗೆ ಅದು ಸಾಧ್ಯವಿಲ್ಲ. ಬಾಕ್ಸಿನಿಂದ ಟಿ.ವಿ.ಗೆ ಎಚ್.ಡಿ.ಎಂ.ಐ. ತಂತಿಯನ್ನು ಜೋಡಿಸಬೇಕು. ಕೆಂಪು, ಬಿಳಿ, ಹಳದಿ ತುದಿಗಳ ಹಳೆಯ ತಂತಿಯನ್ನೇ ಜೋಡಿಸಿದರೆ ಐದು ಪಟ್ಟು ಚಿತ್ರವು ಬಾಗಿಲವರೆಗೆ ಬಂದು ಹೊಸ್ತಿಲಲ್ಲಿ ಉಳಿದಂತೆ.

ಮಳೆಗಾಲವೂ ಈ ನಾಡಿನಲ್ಲಿ ತನ್ನ ಪಾಲನ್ನು ಕೇಳುತ್ತದೆ. ಈ ತರಂಗಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ಆಷಾಢದ ದಪ್ಪ ಹನಿಗಳು ಅವನ್ನು ಹೀರಿ ಚದುರಿಸುತ್ತವೆ. ಆಗ ಚಿತ್ರವು ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಅದು ಡಿಶ್ಶಿನ ದೋಷವಲ್ಲ. ಮಳೆಯ ಆರ್ಭಟ ತಗ್ಗಿದೊಡನೆ ಚಿತ್ರವು ತಾನಾಗಿ ಮರಳುತ್ತದೆ. ಆಗ ಮಾಡಿನ ಮೇಲೆ ಹತ್ತಿ ಡಿಶ್ಶನ್ನು ತಿರುಗಿಸುವುದು ಅವಿವೇಕ. ಗುಡುಗು ಮಿಂಚುಗಳಿದ್ದಾಗ ಬಾಕ್ಸನ್ನೂ ಟಿ.ವಿ.ಯನ್ನೂ ವಿದ್ಯುತ್ತಿನಿಂದ ಬಿಡಿಸಿಡುವುದು ವಿವೇಕ.

ಉಚಿತವೆಂದು ಹೇಳಿದ ಮಾತ್ರಕ್ಕೆ ಇದಕ್ಕೆ ಯಾರೂ ಬೆಲೆ ತೆರುತ್ತಿಲ್ಲವೆಂದು ತಿಳಿಯಬಾರದು. ೧೯೮೦ರ ದಶಕದ ನಡುವಿನವರೆಗೆ ರೇಡಿಯೋ, ಟಿ.ವಿ.ಗಳನ್ನು ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಈಗ ಅದಿಲ್ಲ. ೧೯೯೭ರಲ್ಲಿ ಸ್ಥಾಪನೆಯಾದ ಪ್ರಸಾರ ಭಾರತಿಯು ದೂರದರ್ಶನವನ್ನು ನಡೆಸುತ್ತದೆ. ಅದಕ್ಕೆ ಸರ್ಕಾರದ ಬೊಕ್ಕಸದ ನೆರವಿದೆ. ಫ್ರೀ ಡಿಶ್‌ನಲ್ಲಿ ಸ್ಥಳ ಬೇಕೆನ್ನುವ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಹಣ ತೆತ್ತು ಅದನ್ನು ಪಡೆಯುತ್ತವೆ. ಆ ವಾಹಿನಿಗಳಿಗೆ ಜಾಹೀರಾತುದಾರರು ಹಣ ಕೊಡುತ್ತಾರೆ. ಬೆಂಕಿಪೆಟ್ಟಿಗೆಯಿಂದ ಸಾಬೂನಿನವರೆಗೆ ಏನನ್ನು ಕೊಂಡರೂ ತೆರಿಗೆ ತೆರುವ ಬಡವನೂ ಆ ಬೊಕ್ಕಸವನ್ನು ತುಂಬಿದವನೇ. ಹೀಗಿರುವಾಗ ಕೋಗಿಲಬನದ ಮನೆಗೆ ಇಳಿಯುವ ಚಿತ್ರವು ದಾನವಾಗಿ ಬಂದುದಲ್ಲ. ಊರ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದ ಆಸ್ತಿ.

ಈ ಆಸ್ತಿಯ ಬೆಲೆ ೨೦೨೦ರಲ್ಲಿ ತಿಳಿಯಿತು. ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಪಟ್ಟಣದ ಹಲವು ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಮೊಬೈಲ್ ಇದ್ದರೂ ಅದಕ್ಕೆ ಸಂಕೇತ ಸಿಗುವುದು ದುರ್ಲಭವಾಗಿತ್ತು. ಪುಸ್ತಕ ಹಿಡಿದು ಗುಡ್ಡ ಹತ್ತಿದ ಮಕ್ಕಳಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ರಾಜ್ಯದ ಶಿಕ್ಷಣ ಇಲಾಖೆಯು ‘ಸಂವೇದ’ ಎಂಬ ಹೆಸರಿನಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಪಾಠಗಳನ್ನು ಚಂದನ ವಾಹಿನಿಯಲ್ಲಿ ಬಿತ್ತರಿಸತೊಡಗಿತು. ಡಿಶ್ ಇದ್ದ ಮನೆಯ ಮಗುವಿಗೆ ಶಾಲೆಯು ಅಂಗಳಕ್ಕೇ ಇಳಿದು ಬಂದಿತು. ಡಿಶ್ ಇಲ್ಲದ ಮನೆಯ ಮಗುವಿಗೆ ಎರಡು ಸಾವಿರ ರೂಪಾಯಿಯ ಕೊರತೆಯು ಒಂದು ವರ್ಷದ ವಿದ್ಯೆಯ ಕೊರತೆಯಾಗುವ ಭಯವಿತ್ತು. ನೆರೆಯವರು ಅಂತಹ ಮಗುವನ್ನು ಕರೆದು ತಮ್ಮ ಜಗುಲಿಯಲ್ಲಿ ಕೂರಿಸಿಕೊಂಡ ಕಡೆಗಳಲ್ಲಿ ಆ ಭಯ ದೂರವಾಯಿತು. ಹತ್ತು ಅಡಿಯ ತಂತಿಬಲೆಯ ಕೆಳಗೆ ಇಡೀ ಊರು ಕಲೆತ ೧೯೭೫ರ ಪಾಠವೂ ಇದೇ ಅಲ್ಲವೆ?

ಕನ್ನಡದಲ್ಲಿ ‘ಉಚಿತ’ವೆಂಬ ಪದಕ್ಕೆ ಎರಡು ಅರ್ಥಗಳಿವೆ: ಬೆಲೆಯಿಲ್ಲದೆ ದೊರೆಯುವುದು ಒಂದು, ಯೋಗ್ಯವಾದುದು ಇನ್ನೊಂದು. ಬೆಲೆಯಿಲ್ಲದೆ ದೊರೆಯುವಂತೆ ಮಾಡುವುದು ಉಪಗ್ರಹದ, ಸರ್ಕಾರದ ಕೆಲಸ. ಹಗಲಿರುಳೂ ಇಳಿಯುವ ಆ ಚಿತ್ರಗಳಲ್ಲಿ ಯೋಗ್ಯವಾದುದು ಯಾವುದೆಂದು ಆರಿಸಿ ನೋಡುವುದೂ, ನೋಡಿ ಸಾಕಾದಾಗ ನಿಲ್ಲಿಸುವುದೂ ಮನೆಯವರ ಕೆಲಸ. ಆ ಗುಂಡಿಯನ್ನು ಒತ್ತಿ ನಿಲ್ಲಿಸಿದ ಮೇಲೆ ಕೋಗಿಲಬನದಲ್ಲಿ ಕೇಳಲು ಕೋಗಿಲೆಯ ದನಿಯೂ ಇದೆ, ಅದಕ್ಕೂ ಬಾಡಿಗೆಯಿಲ್ಲ.

ಅಭ್ಯಾಸ

೧. ಕೇಬಲ್ ವ್ಯವಸ್ಥೆಯು ಕಾಡಿನ ಹಳ್ಳಿಗಳನ್ನು ತಲಪಲು ಏಕೆ ಕಷ್ಟವಾಯಿತು?
೨. ಉಪಗ್ರಹವು ನಿಂತಲ್ಲಿಯೇ ನಿಂತಂತೆ ತೋರುವುದಕ್ಕೆ ಕಾರಣವೇನು?
೩. ನಿಮ್ಮ ಶಾಲೆಯ ಅಂಗಳದ ಮರವೊಂದರ ಎತ್ತರವನ್ನು ಅಂದಾಜು ಮಾಡಿ, ಡಿಶ್ಶನ್ನು ಅದರಿಂದ ಎಷ್ಟು ದೂರ ನಿಲ್ಲಿಸಬೇಕೆಂದು ಲೆಕ್ಕ ಹಾಕಿರಿ.
೪. “ಊರ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದ ಆಸ್ತಿ” – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.